ಐಸಿಯುವಿನಿಂದ ಚರ್ಮದ ಕ್ಲಿನಿಕ್‌ಗೆ: ನರ್ಸ್ ಒಬ್ಬಳ ಹದಿನಾಲ್ಕು ತಿಂಗಳು

ಮಂಗಳೂರಿನ ಒಂದು ಚರ್ಮರೋಗ ಮತ್ತು ಸೌಂದರ್ಯ ಚಿಕಿತ್ಸೆಯ ಕ್ಲಿನಿಕ್‌ನಲ್ಲಿ ನನ್ನ ಆರು ತಿಂಗಳ ಪ್ರೊಬೇಷನ್ ಕಳೆದ ವಾರ ಮುಗಿಯಿತು. ಕಾಯಂ ನೇಮಕದ ಪತ್ರ ಕೈಗೆ ಬಂತು. ಐಸಿಯು ಕೆಲಸ ಬಿಡಬೇಕೆಂದು ತೀರ್ಮಾನಿಸಿದ ದಿನದಿಂದ ಲೆಕ್ಕ ಹಾಕಿದರೆ ಸರಿಯಾಗಿ ಹದಿನಾಲ್ಕು ತಿಂಗಳು. ಈ ಅವಧಿಯಲ್ಲಿ ನಾನು ಖರ್ಚು ಮಾಡಿದ ಹಣದ ಬಹುಪಾಲು ಅನಾವಶ್ಯಕವಾಗಿತ್ತು, ಕಾದ ದಿನಗಳಲ್ಲಿ ಅರ್ಧದಷ್ಟನ್ನು ತಪ್ಪಿಸಬಹುದಾಗಿತ್ತು. ಇದೇ ದಾರಿಯಲ್ಲಿ ಬರಬೇಕೆಂದಿರುವ ನರ್ಸ್‌ಗಳು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ ಎಂಬುದು ನನಗೆ ಬರುವ ಫೋನ್ ಕರೆಗಳಿಂದಲೇ ಗೊತ್ತಾಗುತ್ತಿದೆ. ಪ್ರತಿಯೊಬ್ಬರಿಗೂ ಅದನ್ನೇ ಬೇರೆ ಬೇರೆಯಾಗಿ ಹೇಳುವ ಬದಲು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನನ್ನ ಊರು ಉಡುಪಿ ಜಿಲ್ಲೆಯ ಕಾಪು ಸಮೀಪ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಎಂಟು ವರ್ಷ ಆಸ್ಪತ್ರೆಯಲ್ಲಿ ದುಡಿದೆ. ಅದರಲ್ಲಿ ಆರು ವರ್ಷ ಮೆಡಿಕಲ್ ಐಸಿಯು. ತಿಂಗಳಿಗೆ ಎಂಟು ಹತ್ತು ರಾತ್ರಿ ಪಾಳಿ, ರೋಗಿಗಳನ್ನು ಮಗ್ಗುಲು ಬದಲಿಸಿ ಬದಲಿಸಿ ಹಿಡಿದುಕೊಂಡ ಸೊಂಟನೋವು, ಮನೆಯಲ್ಲಿ ನಾಲ್ಕು ವರ್ಷದ ಮಗಳು. ಕೆಲಸ ಬದಲಿಸಲು ಇವು ಸಾಕಷ್ಟು ಕಾರಣಗಳೇ; ಆದರೂ ಚರ್ಮದ ಕಡೆಗೆ ಮನಸ್ಸು ಹೋದದ್ದು ದುಬೈಯಲ್ಲಿರುವ ಚಿಕ್ಕಮ್ಮನ ಮಗಳಿಂದ. ಅವಳು ಅಲ್ಲಿನ ಒಂದು ಡರ್ಮಟಾಲಜಿ ಕ್ಲಿನಿಕ್‌ನಲ್ಲಿ ಲೇಸರ್ ನರ್ಸ್. ರಜೆಯಲ್ಲಿ ಊರಿಗೆ ಬಂದಾಗ, "ಅಕ್ಕ, ನಿನಗೆ ಐಸಿಯು ಅನುಭವ ಉಂಟಲ್ಲ, ನಮ್ಮಲ್ಲಿ ಅಂಥವರನ್ನು ಹುಡುಕುತ್ತಾರೆ. ಮೊದಲು ರಿಜಿಸ್ಟ್ರೇಷನ್ ಸರಿ ಮಾಡಿಸಿಕೋ, ಮತ್ತೆ ಉಳಿದದ್ದು" ಎಂದಳು. ಆ ಮಾತಿನ ಎರಡನೆಯ ಭಾಗವನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ಕಡತ ತೆರೆದು ನೋಡಿದಾಗ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನನ್ನ ನೋಂದಣಿಯ ಅವಧಿ ಮುಗಿಯುವುದಕ್ಕೆ ಮೂರೇ ತಿಂಗಳು ಉಳಿದಿತ್ತು. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮುಂದುವರಿದ ಶಿಕ್ಷಣದ ಗಂಟೆಗಳ ಪ್ರಮಾಣಪತ್ರಗಳನ್ನು ತೋರಿಸಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಹೆಸರಿನ ಸಮಸ್ಯೆ. ಕರಾವಳಿಯವರಿಗೆ ಇದು ವಿಶೇಷವಾಗಿ ಅನ್ವಯಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರ ಇದೆ. ನರ್ಸಿಂಗ್ ಪದವಿಯಲ್ಲಿಯೂ ಹಾಗೆಯೇ. ಆಧಾರ್ ಮಾಡಿಸಿದಾಗ ಆ ಅಕ್ಷರ ಬಿಟ್ಟುಹೋಗಿ ಮನೆತನದ ಹೆಸರು ಸೇರಿತು. ಮದುವೆಯ ನಂತರ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರು ಬಂತು. ಒಬ್ಬಳೇ ವ್ಯಕ್ತಿ, ದಾಖಲೆಗಳಲ್ಲಿ ಮೂವರು. ಭಾರತೀಯ ಶುಶ್ರೂಷಾ ಪರಿಷತ್ತಿನ ನರ್ಸಸ್ ರಿಜಿಸ್ಟ್ರೇಷನ್ ಆಂಡ್ ಟ್ರ್ಯಾಕಿಂಗ್ ಸಿಸ್ಟಮ್‌ನಲ್ಲಿ ಎನ್‌ಯುಐಡಿ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯುವಾಗ ಆಧಾರ್‌ನೊಂದಿಗೆ ಹೋಲಿಕೆ ನಡೆಯುತ್ತದೆ, ನನ್ನ ಹೆಸರು ಅಲ್ಲಿಯೇ ಸಿಕ್ಕಿಹಾಕಿಕೊಂಡಿತು.

ಉಡುಪಿಯಲ್ಲಿ ನೋಟರಿಯವರ ಮುಂದೆ ಅಫಿಡವಿಟ್ ಮಾಡಿಸಿದ್ದು ಒಂದು ದಿನದ ಕೆಲಸ. ಆಧಾರ್ ತಿದ್ದುಪಡಿಗೆ ಹೋದರೆ ಪದವಿಯ ಹೆಸರನ್ನೇ ಇಡಬೇಕೋ ಪಾಸ್‌ಪೋರ್ಟಿನ ಹೆಸರನ್ನೋ ಎಂದು ಕೌಂಟರ್‌ನವರು ಕೇಳಿದರು. ನಾನು ಮನೆಗೆ ಬಂದು ಎರಡು ವಾರ ಅದನ್ನೇ ಯೋಚಿಸಿದೆ. ಕೊನೆಗೆ ಎಲ್ಲವನ್ನೂ ಎಸ್‌ಎಸ್‌ಎಲ್‌ಸಿ ಹೆಸರಿಗೆ ತರುವುದೆಂದು ನಿರ್ಧರಿಸಿದೆ, ಏಕೆಂದರೆ ಪದವಿ ಪ್ರಮಾಣಪತ್ರ, ನೋಂದಣಿ, ಅನುಭವ ಪತ್ರ ಮೂರೂ ಆ ಹೆಸರಿನಲ್ಲಿಯೇ ಇದ್ದವು. ತಿದ್ದಬೇಕಾದದ್ದು ಎರಡು, ತಿದ್ದದೆ ಬಿಡಬಹುದಾದದ್ದು ಮೂರು. ಈ ಸರಳ ಎಣಿಕೆ ಹೊಳೆಯಲು ಎರಡು ವಾರ ಬೇಕಾಯಿತು ಎಂಬುದಕ್ಕೆ ಈಗ ನಗು ಬರುತ್ತದೆ. ನವೀಕರಣಕ್ಕಾಗಿ ರಾಜ್ಯ ಶುಶ್ರೂಷಾ ಪರಿಷತ್ತಿನ ಕಚೇರಿಗೆಂದು ಜುಲೈಯಲ್ಲಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆ. ಶಿರಾಡಿ ಘಾಟಿಯಲ್ಲಿ ಮಳೆಗೆ ವಾಹನಗಳು ಸಾಲುಗಟ್ಟಿ ನಿಂತು, ಬೆಳಿಗ್ಗೆ ಆರಕ್ಕೆ ತಲುಪಬೇಕಾದದ್ದು ಹನ್ನೊಂದಾಯಿತು. ಆ ದಿನ ಕೆಲಸ ಆಗಲಿಲ್ಲ. ಮರುದಿನ ಹೋದಾಗ, ಹೆಸರಿನ ವ್ಯತ್ಯಾಸಕ್ಕೆ ಅಫಿಡವಿಟ್‌ನ ಮೂಲ ಪ್ರತಿಯನ್ನೇ ಕೇಳಿದರು. ನನ್ನ ಬಳಿ ಇದ್ದದ್ದು ನೆರಳಚ್ಚು ಪ್ರತಿ, ಮೂಲ ಪ್ರತಿ ಕಾಪುವಿನ ಮನೆಯ ಕಪಾಟಿನಲ್ಲಿ. ಎರಡನೆಯ ಬಾರಿ ಹೋಗುವಾಗ ಪಂಚಗಂಗಾ ರೈಲಿನಲ್ಲಿ ಹೋದೆ. ಮಳೆಗಾಲದಲ್ಲಿ ಕಾಗದದ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು ರೈಲನ್ನೇ ನೆಚ್ಚಿಕೊಳ್ಳಲಿ, ಮತ್ತು ಅಫಿಡವಿಟ್‌ನ ಎರಡು ಮೂಲ ಪ್ರತಿಗಳನ್ನು ಒಟ್ಟಿಗೆ ಮಾಡಿಸಿಕೊಳ್ಳಲಿ.

ನವೀಕರಣ ಕೈಗೆ ಬಂದದ್ದು ಆಗಸ್ಟ್ ಕೊನೆಯಲ್ಲಿ. ಅಷ್ಟರಲ್ಲಿ ನಾನು ಮಾಡಬಾರದ ಇನ್ನೊಂದು ಕೆಲಸ ಮಾಡಿಯಾಗಿತ್ತು.

ರಾತ್ರಿ ಪಾಳಿಯ ಎರಡು ಗಂಟೆಯ ಹೊತ್ತಿಗೆ ಸಹೋದ್ಯೋಗಿಯೊಬ್ಬಳು ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿದ್ದಳು. ಬೆಂಗಳೂರಿನ ಒಂದು ತರಬೇತಿ ಸಂಸ್ಥೆ. ನಾಲ್ಕು ದಿನಗಳ ಕೋರ್ಸು. ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್ ಎಂದು ಕರೆಯುವ, ಸುಕ್ಕು ಸಡಿಲಿಸುವ ಚುಚ್ಚುಮದ್ದು), ಫಿಲ್ಲರ್ (ಚರ್ಮದಡಿ ತುಂಬುವ ಜೆಲ್), ಲೇಸರ್, ಕೆಮಿಕಲ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು), ಪಿಆರ್‌ಪಿ (ರೋಗಿಯ ರಕ್ತದಿಂದಲೇ ಪ್ಲೇಟ್‌ಲೆಟ್ ಬೇರ್ಪಡಿಸಿ ಚುಚ್ಚುವುದು) ಎಲ್ಲವೂ ಸೇರಿ 78,000 ರೂಪಾಯಿ. "ಅಂತಾರಾಷ್ಟ್ರೀಯ ಮಾನ್ಯತೆಯ ಪ್ರಮಾಣಪತ್ರ". ಕೋರ್ಸು ಮುಗಿಸಿದ ನರ್ಸ್‌ಗಳು "ಸ್ವತಂತ್ರವಾಗಿ" ಚಿಕಿತ್ಸೆ ಕೊಡಬಹುದು. ತಿಂಗಳ ಕೊನೆಯೊಳಗೆ ಸೇರಿದರೆ ರಿಯಾಯಿತಿ ಎಂದದ್ದರಿಂದ 20,000 ಮುಂಗಡ ಕಟ್ಟಿದೆ. ಮಾನ್ಯತೆ ಯಾರದ್ದು ಎಂದು ಕೇಳಲಿಲ್ಲ. ಐಸಿಯುವಿನಲ್ಲಿ ಒಂದು ಔಷಧದ ಹೆಸರು ಓದಲು ಬಾರದಿದ್ದರೆ ಡಾಕ್ಟರರನ್ನು ಮೂರು ಬಾರಿ ಕೇಳುವ ನಾನು, ನನ್ನ ಸ್ವಂತ ಹಣದ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಕೋರ್ಸು ನಡೆಯಿತು. ತರಗತಿಯಲ್ಲಿ ಹನ್ನೊಂದು ಮಂದಿ: ನಾಲ್ವರು ನರ್ಸ್‌ಗಳು, ಮೂವರು ದಂತವೈದ್ಯರು, ಇಬ್ಬರು ಆಯುರ್ವೇದ ಪದವೀಧರರು, ಇಬ್ಬರು ಬ್ಯೂಟಿ ಪಾರ್ಲರ್ ನಡೆಸುವವರು. ಎಲ್ಲರಿಗೂ ಒಂದೇ ಪಾಠ, ಒಂದೇ ಪ್ರಮಾಣಪತ್ರ. ಮೊದಲ ಎರಡು ದಿನ ಸ್ಲೈಡುಗಳು. ಅವುಗಳಲ್ಲಿ ಹೆಚ್ಚಿನವು ಬ್ರಿಟನ್ನಿನವು, ಚಿತ್ರಗಳೆಲ್ಲ ಬಿಳಿ ಚರ್ಮದವು. ಮೂರನೆಯ ದಿನ ಸಿಲಿಕಾನ್ ಹಾಳೆಯ ಮೇಲೂ ಕಿತ್ತಳೆ ಸಿಪ್ಪೆಯ ಮೇಲೂ ಸೂಜಿ ಚುಚ್ಚಿಸಿದರು. ನಾಲ್ಕನೆಯ ದಿನ ಹನ್ನೊಂದು ಮಂದಿಗೆ ಒಬ್ಬರೇ ಮಾಡೆಲ್. ಲೇಸರ್ ಯಂತ್ರದ ಹಿಡಿಕೆಯನ್ನು ನಾನು ಹಿಡಿದದ್ದು ಒಟ್ಟು ನಾಲ್ಕು ನಿಮಿಷವಿರಬಹುದು. ಸಂಜೆ ಚಿನ್ನದ ಅಂಚಿನ ಪ್ರಮಾಣಪತ್ರ ಕೊಟ್ಟು ಫೋಟೋ ತೆಗೆದರು.

ಊಟದ ಬಿಡುವಿನಲ್ಲಿ ದಂತವೈದ್ಯೆಯೊಬ್ಬರು, "ಸಿಸ್ಟರ್, ನೀವು ಊರಿಗೆ ಹೋಗಿ ಇದನ್ನು ಯಾವ ಕಾನೂನಿನ ಅಡಿಯಲ್ಲಿ ಮಾಡುತ್ತೀರಿ?" ಎಂದು ಸಹಜವಾಗಿಯೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ತರಬೇತುದಾರರನ್ನು ಕೇಳಿದಾಗ ಅವರು ಬ್ರಿಟನ್ನಿನ ಉದಾಹರಣೆ ಕೊಟ್ಟರು. ಅಲ್ಲಿನ ಉದಾಹರಣೆ ಸುಳ್ಳಲ್ಲ. ಬ್ರಿಟನ್ನಿನಲ್ಲಿ ನರ್ಸ್‌ಗಳು ವಿ300 ಎಂಬ ಪ್ರತ್ಯೇಕ ಅರ್ಹತೆ ಪಡೆದರೆ ತಾವೇ ಔಷಧ ಬರೆದುಕೊಡಬಹುದು, ಬೊಟುಲಿನಮ್ ಟಾಕ್ಸಿನ್‌ನ್ನು ಬರೆಯುವವರೂ ಚುಚ್ಚುವವರೂ ಅವರೇ ಆಗಬಹುದು. ಆದರೆ ಆ ಅರ್ಹತೆ ನಾಲ್ಕು ದಿನದ ಕೋರ್ಸಿನಿಂದ ಬರುವುದಲ್ಲ, ಅದಕ್ಕೆ ಅಲ್ಲಿನ ನೋಂದಣಿ ಇರಬೇಕು. 18 ವರ್ಷದೊಳಗಿನವರಿಗೆ ಸೌಂದರ್ಯಕ್ಕಾಗಿ ಈ ಚುಚ್ಚುಮದ್ದುಗಳನ್ನು ಕೊಡುವುದನ್ನು ಇಂಗ್ಲೆಂಡ್ 2021ರ ಕಾಯ್ದೆಯಿಂದ ನಿಷೇಧಿಸಿದೆ ಎಂಬುದನ್ನೂ ನಾನು ನಂತರ ಓದಿ ತಿಳಿದೆ. ಸ್ಲೈಡುಗಳಲ್ಲಿ ಅದು ಇರಲಿಲ್ಲ. ನಮ್ಮಲ್ಲಿ ಬೊಟುಲಿನಮ್ ಟಾಕ್ಸಿನ್ ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡಬೇಕಾದ ಔಷಧ. ಯಾರಿಗೆ, ಎಷ್ಟು, ಎಲ್ಲಿ ಎಂದು ತೀರ್ಮಾನಿಸಿ ಚುಚ್ಚುವುದು ವೈದ್ಯರ ಕೆಲಸ. ನರ್ಸ್ ಆಗಿ ನಾನು ವೈದ್ಯರ ಲಿಖಿತ ಸೂಚನೆಯಂತೆ, ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವಳು. ಚಿನ್ನದ ಅಂಚಿನ ಯಾವ ಕಾಗದವೂ ಈ ಗೆರೆಯನ್ನು ಸರಿಸುವುದಿಲ್ಲ.

ಹಣ ಹಿಂತಿರುಗಿಸಲು ಕೇಳಿ ಮೂರು ಇ-ಮೇಲ್ ಬರೆದೆ. ಮೊದಲನೆಯದಕ್ಕೆ ಸಿಹಿಯಾದ ಉತ್ತರ ಬಂತು, ಉಳಿದೆರಡಕ್ಕೆ ಬರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬೇಕೆಂದರೆ ಬೆಂಗಳೂರಿಗೆ ಅಲೆಯಬೇಕೆಂದು ಭಾವಿಸಿ ಬಿಟ್ಟುಬಿಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ ಎಂದು ಗೊತ್ತಾದದ್ದು ಇತ್ತೀಚೆಗೆ. ದೂರು ಕೊಡಲು ಎರಡು ವರ್ಷದ ಕಾಲಾವಕಾಶ ಇರುವುದರಿಂದ ನಾನು ಇನ್ನೂ ಆ ಕಡತವನ್ನು ಎಸೆದಿಲ್ಲ.

ಅಕ್ಟೋಬರ್‌ನಿಂದ ಮಂಗಳೂರಿನಲ್ಲಿ ಕೆಲಸ ಹುಡುಕತೊಡಗಿದೆ. ಆಸ್ಪತ್ರೆಯ ಕೆಲಸ ಬಿಟ್ಟಿರಲಿಲ್ಲ. ರಾತ್ರಿ ಪಾಳಿ ಮುಗಿಸಿ, ಕಾಪುವಿನಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ, ಜ್ಯೋತಿ ವೃತ್ತದಲ್ಲೋ ಲಾಲ್‌ಬಾಗ್‌ನಲ್ಲೋ ಇಳಿದು, ಬಸ್ಸಿನಲ್ಲಿಯೇ ಕಣ್ಣು ಮುಚ್ಚಿದ್ದರಿಂದ ಕೆಂಪಾದ ಮುಖ ಹೊತ್ತು ಸಂದರ್ಶನಕ್ಕೆ ಹೋಗುತ್ತಿದ್ದೆ. ಐದು ಕಡೆ ಹೋದೆ. ಒಂದು ಕಡೆ ಮೂಲ ಪ್ರಮಾಣಪತ್ರಗಳನ್ನು ಎರಡು ವರ್ಷ ಅವರ ಬಳಿ ಇಡಬೇಕೆಂದರು. ಒಂದು ಕಡೆ ನನ್ನ ಮುಖದ ಮೇಲಿನ ಹಳೆಯ ಮೊಡವೆ ಕಲೆಗಳನ್ನು ನೋಡಿ, "ಫ್ರಂಟ್ ಡೆಸ್ಕಿಗೆ ಆಗಲಿಕ್ಕಿಲ್ಲ" ಎಂದರು. ನಾನು ಕೇಳಿದ್ದು ಫ್ರಂಟ್ ಡೆಸ್ಕಿನ ಕೆಲಸವನ್ನಲ್ಲ. ಆ ದಿನ ವಾಪಸು ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖವನ್ನೇ ಮೂಲ್ಕಿಯವರೆಗೆ ನೋಡುತ್ತ ಬಂದೆ. ಮೂರನೆಯ ಕಡೆ ಸಂಬಳ ಚೆನ್ನಾಗಿತ್ತು, ಕೋಣೆ ಹೊಳೆಯುತ್ತಿತ್ತು. ಕೊನೆಯಲ್ಲಿ ಮಾಲೀಕರು, ವೈದ್ಯರು ವಾರಕ್ಕೆ ಮೂರು ದಿನ ಮಾತ್ರ ಬರುತ್ತಾರೆ, ಉಳಿದ ದಿನ "ಸಣ್ಣಪುಟ್ಟ ಬೊಟಾಕ್ಸ್" ನೀವೇ ನೋಡಿಕೊಳ್ಳಬೇಕು, ನಿಮ್ಮ ಬಳಿ ಸರ್ಟಿಫಿಕೇಟ್ ಇದೆಯಲ್ಲ ಎಂದರು. 78,000 ಕೊಟ್ಟು ತಂದ ಕಾಗದ ನನಗೆ ಉಪಯೋಗಕ್ಕೆ ಬಂದದ್ದಲ್ಲ, ಅವರ ಉಪಯೋಗಕ್ಕೆ ಬರುವಂಥದ್ದು ಎಂಬುದು ಆಗ ಸ್ಪಷ್ಟವಾಯಿತು. ಏನಾದರೂ ಆದರೆ ಸಹಿ ಯಾರದ್ದು ಎಂದು ಕೇಳಿದೆ. ಅವರು ಚಹಾ ತರಿಸಿದರು.

ಸಂದರ್ಶನಕ್ಕೆ ಹೋಗುವವರು ನೋಡಬೇಕಾದ ಮೊದಲ ಸಂಗತಿ ಗೋಡೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ಕ್ಲಿನಿಕ್ ನೋಂದಣಿಯಾಗಿರಬೇಕು. ಎಲ್ಲರೂ ಕೆಪಿಎಂಇ ಎಂದು ಕರೆಯುವುದು ಅದನ್ನೇ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾಧಿಕಾರ ಕೊಡುವ ಆ ಪ್ರಮಾಣಪತ್ರ ಕಾಣುವಂತೆ ತೂಗುಹಾಕಿರಬೇಕು. ವೈದ್ಯರ ಪದವಿ ಎಂ.ಡಿ. ಚರ್ಮರೋಗವೋ ಅಥವಾ ಬೇರೆಯೋ ನೋಡಿ. ವೈದ್ಯರು ಯಾವ ಯಾವ ಹೊತ್ತಿನಲ್ಲಿ ಇರುತ್ತಾರೆ ಎಂದು ಕೇಳಿ. ತುರ್ತು ಔಷಧಗಳ ಟ್ರೇ ತೋರಿಸುತ್ತೀರಾ ಎಂದು ಕೇಳಿದಾಗ ಯಾರಾದರೂ ನಕ್ಕರೆ ಅಲ್ಲಿ ಸೇರಬೇಡಿ.

ಐದನೆಯ ಕ್ಲಿನಿಕ್ ಕದ್ರಿಯ ಕಡೆ, ಹಳೆಯ ಮನೆಯೊಂದನ್ನು ತಿದ್ದಿ ಕಟ್ಟಿದ್ದು. ಅಲ್ಲಿನ ಡಾಕ್ಟರ್ ಮೇಡಂ ನನ್ನ ಚಿನ್ನದ ಅಂಚಿನ ಕಾಗದವನ್ನು ತಿರುಗಿಸಿಯೂ ನೋಡಲಿಲ್ಲ. ರೋಗಿಯೊಬ್ಬರ ಒಪ್ಪಿಗೆ ಕೇಳಿ ಅವರನ್ನು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ, "ಏನು ಕಾಣುತ್ತದೆ?" ಎಂದರು. ಐವತ್ತರ ಸುಮಾರಿನ ಹೆಂಗಸು, ಎರಡೂ ಕೆನ್ನೆಗಳ ಮೇಲೆ ಕಂದು ಬಣ್ಣ. ಬಂಗು ಎಂದೆ. ಮೇಡಂ ಅವರನ್ನು ಕಿಟಕಿಯ ಬಳಿಗೆ ಕರೆದೊಯ್ದು, ಮುಖವನ್ನು ಬೆಳಕಿಗೆ ಓರೆಯಾಗಿ ತಿರುಗಿಸಿ, ಮತ್ತೆ ನೋಡಲು ಹೇಳಿದರು. ಬಂಗಿನ ನಡುವೆ ಚರ್ಮ ತೆಳುವಾದ ಕಾಗದದಂತೆ ಹೊಳೆಯುತ್ತಿತ್ತು, ಅದರ ಅಡಿಯಲ್ಲಿ ಕೆಂಪು ದಾರದ ಎಳೆಗಳಂಥ ರಕ್ತನಾಳಗಳು, ಬಾಯಿಯ ಸುತ್ತ ಸಣ್ಣ ಗುಳ್ಳೆಗಳು. ಮೆಡಿಕಲ್ ಶಾಪಿನಿಂದ ತಂದ ಸ್ಟಿರಾಯ್ಡ್ ಬೆರೆತ ಕ್ರೀಮನ್ನು ಬಿಳಿಯಾಗುವ ಆಸೆಗೆ ಮೂರು ವರ್ಷ ಹಚ್ಚಿದ ಮುಖ ಅದು. ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿಯೇ ಸರ್ಕಾರ ಷೆಡ್ಯೂಲ್ ಎಚ್‌ಗೆ ಸೇರಿಸಿದೆ, ಆದರೂ ಬರುತ್ತಲೇ ಇವೆ. "ಇವರಿಗೆ ಇವತ್ತು ಪೀಲ್ ಮಾಡಿದರೆ ಏನಾಗುತ್ತದೆ?" ಎಂದು ಕೇಳಿದರು. ಸುಡುತ್ತದೆ ಎಂದೆ. "ಸರಿ. ಕಾಣದೇ ಇದ್ದದ್ದು ತಪ್ಪಲ್ಲ, ಕಿಟಕಿಗೆ ಕರೆದುಕೊಂಡು ಹೋಗದೇ ಇದ್ದದ್ದು ತಪ್ಪು" ಎಂದರು. ಜನವರಿ ಒಂದರಿಂದ ಬರಲು ಹೇಳಿದರು, ಸಂಬಳ 19,000.

ಆಸ್ಪತ್ರೆಯಲ್ಲಿ ನನಗೆ ಬರುತ್ತಿದ್ದದ್ದು 28,500. ಈ ಇಳಿತವನ್ನು ಮನೆಯಲ್ಲಿ ಹೇಳುವುದು ಸುಲಭವಾಗಿರಲಿಲ್ಲ. "ಮುಖಕ್ಕೆ ಕ್ರೀಮ್ ಹಚ್ಚಲಿಕ್ಕೆ ನಾಲ್ಕು ವರ್ಷ ನರ್ಸಿಂಗ್ ಕಲಿಯಬೇಕಿತ್ತಾ?" ಎಂದರು ಅಮ್ಮ. ಐಸಿಯುವಿನ ಗೆಳತಿಯರು ಬೀಳ್ಕೊಡುವಾಗ ಲಿಪ್‌ಸ್ಟಿಕ್ ಉಡುಗೊರೆ ಕೊಟ್ಟು ನಕ್ಕರು. ತಮಾಷೆಗೇ ಕೊಟ್ಟದ್ದು, ಆದರೂ ಚುಚ್ಚಿತು. ಕೊನೆಯ ಪಾಳಿಯಲ್ಲಿ ವೆಂಟಿಲೇಟರ್‌ನಲ್ಲಿದ್ದ ಅಜ್ಜನೊಬ್ಬರ ಬಾಯಿ ಸ್ವಚ್ಛಗೊಳಿಸುವಾಗ ನಾನು ಓಡಿಹೋಗುತ್ತಿದ್ದೇನೆಯೇ ಎಂದು ಅನ್ನಿಸಿತು. ಆ ಪ್ರಶ್ನೆ ಮೊದಲ ಎರಡು ತಿಂಗಳು ನನ್ನೊಂದಿಗೇ ಇತ್ತು.

ಕಲಿಕೆಯ ವಿಷಯಕ್ಕೆ ಬರುತ್ತೇನೆ. ಮೊದಲ ತಿಂಗಳು ನನಗೆ ಯಂತ್ರ ಮುಟ್ಟಲು ಬಿಡಲಿಲ್ಲ. ರೋಗಿಗಳ ಚರ್ಮದ ವಿಧವನ್ನು ಬರೆಯುವುದೇ ಕೆಲಸ. ಅಮೆರಿಕದ ಚರ್ಮರೋಗ ತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ, ಈಗ 1ರಿಂದ (ಅತಿ ಬಿಳಿ) 6ರವರೆಗೆ (ಅತಿ ಕಪ್ಪು) ಇರುವ ಅಳತೆಯಲ್ಲಿ ನಮ್ಮ ಕಡೆಯವರು ಹೆಚ್ಚಾಗಿ 4 ಮತ್ತು 5. ಈ ಚರ್ಮಕ್ಕೆ ಸ್ವಲ್ಪ ಗಾಯವಾದರೂ ವಾಸಿಯಾಗುವಾಗ ಕಪ್ಪು ಕಲೆ ಉಳಿಯುತ್ತದೆ. ಬಿಳಿ ಚರ್ಮದ ಸ್ಲೈಡಿನಲ್ಲಿ ಕಲಿತ ಶಕ್ತಿಯ ಅಂಕಿಗಳನ್ನು ಇಲ್ಲಿ ಹಾಗೆಯೇ ಒತ್ತಿದರೆ ಚಿಕಿತ್ಸೆಯೇ ಕಲೆಯಾಗುತ್ತದೆ. ಕೂದಲು ತೆಗೆಯಲು ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರನ್ನು ಏಕೆ ಆರಿಸುತ್ತಾರೆ, ಅದರ ಬೆಳಕು ಮೇಲ್ಪದರದ ಬಣ್ಣವನ್ನು ಅಷ್ಟಾಗಿ ಕಾಯಿಸದೆ ಆಳಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನೆಲ್ಲ ಮೇಡಂ ರೋಗಿಗಳ ನಡುವಿನ ಹತ್ತು ನಿಮಿಷಗಳಲ್ಲಿ ಬಿಡಿಬಿಡಿಯಾಗಿ ಹೇಳಿಕೊಟ್ಟರು. ನಾಲ್ಕು ದಿನದ ಕೋರ್ಸಿಗಿಂತ ಆ ಹತ್ತು ನಿಮಿಷಗಳೇ ನನಗೆ ನಿಜವಾದ ತರಬೇತಿ.

ಲೇಸರ್ ಕೋಣೆಯ ಶಿಸ್ತು ನರ್ಸ್‌ಗಳಿಗೆ ಬೇಗ ಒಗ್ಗುತ್ತದೆ. ಆ ತರಂಗಾಂತರಕ್ಕೇ ತಯಾರಾದ ಕನ್ನಡಕ ರೋಗಿಗೂ ನಮಗೂ, ಕನ್ನಡಿಗೆ ಬಟ್ಟೆ, ಬಾಗಿಲ ಹೊರಗೆ ಎಚ್ಚರಿಕೆಯ ಫಲಕ, ಸ್ಪಿರಿಟ್ ಹತ್ತಿರದಲ್ಲಿ ಇರಬಾರದು. ಹೊಳೆಯುವ ಒಡವೆ ತೆಗೆಯಬೇಕು. ಆದರೆ ಕರಿಮಣಿ ತೆಗೆಯಲು ಹೆಚ್ಚಿನ ಹೆಂಗಸರು ಒಪ್ಪುವುದಿಲ್ಲ. ನಾನು ಒತ್ತಾಯಿಸಿ ಒಬ್ಬರ ಕಣ್ಣಲ್ಲಿ ನೀರು ತರಿಸಿದ ಮೇಲೆ, ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ ಭುಜದ ಹಿಂದಕ್ಕೆ ಸರಿಸಿ ಟೇಪ್ ಹಾಕುವುದನ್ನು ಹಳೆಯ ಸಿಸ್ಟರ್ ತೋರಿಸಿಕೊಟ್ಟರು.

ನನ್ನಿಂದ ಆದ ಒಂದು ತಪ್ಪನ್ನು ಮುಚ್ಚಿಡದೆ ಹೇಳಬೇಕು. ಮಾರ್ಚ್‌ನಲ್ಲಿ ಮೊಡವೆ ಕಲೆಗಳಿಗೆಂದು ಕಾಲೇಜು ಹುಡುಗಿಯೊಬ್ಬಳಿಗೆ 35 ಪ್ರತಿಶತ ಗ್ಲೈಕೋಲಿಕ್ ಆಮ್ಲದ ಪೀಲ್ ಇತ್ತು. ಚಿಕಿತ್ಸೆಗೆ ಮುಂಚಿನ ಪ್ರಶ್ನೆಗಳನ್ನು ಕೇಳುವುದು ನನ್ನ ಜವಾಬ್ದಾರಿ. "ರೆಟಿನಾಯ್ಡ್ ಬಳಸುತ್ತೀರಾ?" ಎಂದು ಕೇಳಿದೆ, ಇಲ್ಲ ಎಂದಳು, ಗುರುತು ಹಾಕಿದೆ. ಮೇಡಂ ಹಚ್ಚತೊಡಗಿದರು, ನಾನು ಟೈಮರ್ ಹಿಡಿದು ಫ್ಯಾನ್ ಬೀಸುತ್ತಿದ್ದೆ. ಒಂದು ನಿಮಿಷವಾಗುವ ಮುಂಚೆಯೇ ಎಡಗೆನ್ನೆಯ ಮೇಲೆ ನಾಣ್ಯದಗಲ ಕೆಂಪು, ಅದರ ಮಧ್ಯದಲ್ಲಿ ಮಂಜಿನಂಥ ಬಿಳುಪು ಕಾಣಿಸಿತು. ತಕ್ಷಣ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಹಾಕಿ ತಟಸ್ಥಗೊಳಿಸಿ, ತಣ್ಣೀರಿನ ಪಟ್ಟಿ ಇಟ್ಟೆವು. ನಂತರ ವಿಚಾರಿಸಿದರೆ ಅವಳು ಮೂರು ತಿಂಗಳಿನಿಂದ ರಾತ್ರಿ "ಮೊಡವೆ ಜೆಲ್" ಹಚ್ಚುತ್ತಿದ್ದಳು; ಅದು ಅಡಾಪಲೀನ್, ಅಂದರೆ ಚರ್ಮವನ್ನು ಪೀಲ್‌ಗೆ ಸೂಕ್ಷ್ಮವಾಗಿಸುವ ರೆಟಿನಾಯ್ಡೇ. ಅವಳು ಸುಳ್ಳು ಹೇಳಿರಲಿಲ್ಲ, ನಾನು ಅವಳ ಭಾಷೆಯಲ್ಲಿ ಕೇಳಿರಲಿಲ್ಲ. ಆ ಜಾಗದಲ್ಲಿ ಉಳಿದ ಕಂದು ಕಲೆ ಮಾಯಲು ಏಳು ವಾರ ಬೇಕಾಯಿತು, ಅಷ್ಟು ದಿನವೂ ಅವಳು ಬಂದಾಗಲೆಲ್ಲ ನಾನೇ ಎದುರು ಕೂತು ಫೋಟೋ ತೆಗೆದು ದಾಖಲಿಸಿದೆ. ಈಗ ನಾನು ಕೇಳುವ ರೀತಿ ಬೇರೆ: ರಾತ್ರಿ ಮಲಗುವ ಮುಂಚೆ ಮುಖಕ್ಕೆ ಏನೇನು ಹಚ್ಚುತ್ತೀರಿ, ಟ್ಯೂಬಿನ ಫೋಟೋ ಇದೆಯಾ, ಮೊಡವೆಗೆ ಮಾತ್ರೆ ತಿನ್ನುತ್ತಿದ್ದೀರಾ, ಈ ವಾರ ಪಾರ್ಲರಿಗೆ ಹೋಗಿ ಬ್ಲೀಚ್, ಥ್ರೆಡಿಂಗ್ ಏನಾದರೂ ಮಾಡಿಸಿದ್ದೀರಾ. ತುಳು ಮಾತನಾಡುವವರಿಗೆ ತುಳುವಿನಲ್ಲಿ, ಬ್ಯಾರಿ ಮಾತನಾಡುವವರಿಗೆ ಸಹೋದ್ಯೋಗಿಯ ಮೂಲಕ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಮೇಡಂ ಅನುಮತಿಯಿಂದ ಅದನ್ನು ಕನ್ನಡಕ್ಕೆ ತಂದದ್ದು ಪ್ರೊಬೇಷನ್‌ನಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದು ನನ್ನ ಎಣಿಕೆ.

ಐಸಿಯುವಿನ ಆರು ವರ್ಷ ವ್ಯರ್ಥವಾಗಲಿಲ್ಲ. 100 ಯೂನಿಟ್ ಬೊಟುಲಿನಮ್ ಟಾಕ್ಸಿನ್‌ಗೆ 2.5 ಮಿಲಿ ಸಲೈನ್ ಸೇರಿಸಿದರೆ 0.1 ಮಿಲಿಯಲ್ಲಿ 4 ಯೂನಿಟ್ ಎಂಬ ಲೆಕ್ಕ, ಸಿರಿಂಜ್ ಪಂಪುಗಳ ನಡುವೆ ಬದುಕಿದವರಿಗೆ ಲೆಕ್ಕವೇ ಅಲ್ಲ. ಮದುವೆಗೆ ಮುಂಚೆ ಕೂದಲಿಗಾಗಿ ಪಿಆರ್‌ಪಿ ಮಾಡಿಸಲು ಬಂದ ಮದುಮಗನೊಬ್ಬ ತನ್ನ ರಕ್ತ ಟ್ಯೂಬಿಗೆ ಇಳಿಯುವುದನ್ನು ನೋಡಿ ಕುರ್ಚಿಯಲ್ಲಿಯೇ ಕುಸಿದಾಗ, ಉಳಿದವರು ನೀರು ತರಲು ಓಡುತ್ತಿದ್ದರೆ ನಾನು ಅವನನ್ನು ಮಲಗಿಸಿ, ಕಾಲೆತ್ತಿ, ನಾಡಿ ಹಿಡಿದಿದ್ದೆ. ಎರಡು ನಿಮಿಷದಲ್ಲಿ ಕಣ್ಣು ಬಿಟ್ಟ. ಜೂನ್‌ನ ಗಾಳಿಮಳೆಗೆ ವಿದ್ಯುತ್ ಹೋಗಿ ಇನ್ವರ್ಟರ್ ಕೂಡ ಕೈಕೊಟ್ಟ ಭಾನುವಾರ, 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಗಳನ್ನು ಐಸ್‌ಪ್ಯಾಕ್ ಪೆಟ್ಟಿಗೆಗೆ ಹಾಕಿ, ಥರ್ಮಾಮೀಟರ್ ಇಟ್ಟು, ಅರ್ಧ ಗಂಟೆಗೊಮ್ಮೆ ಬರೆದುಕೊಂಡು ಕೂತೆ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಕರಗಿಸಲು ಬೇಕಾದ ಹಯಲ್ಯುರೊನಿಡೇಸ್ ಕೂಡ ಅದೇ ಫ್ರಿಜ್‌ನಲ್ಲಿತ್ತು. ಫಿಲ್ಲರ್ ಹಾಕುವುದು ಮೇಡಂ. ಚರ್ಮ ತಟ್ಟನೆ ಬೆಳ್ಳಗಾಗುತ್ತಿದೆಯೇ ಎಂದು ಕಣ್ಣು ಕೀಳದೆ ನೋಡುವುದು ನಾನು.

ಖರ್ಚಿನ ಲೆಕ್ಕ ಕೇಳುವವರಿಗೆ: ಕೋರ್ಸು 78,000, ಬೆಂಗಳೂರಿನ ಪ್ರಯಾಣ ಮತ್ತು ವಸತಿ ಎಲ್ಲ ಸೇರಿ 11,400, ನವೀಕರಣ, ಅಫಿಡವಿಟ್, ನೆರಳಚ್ಚು, ತಿದ್ದುಪಡಿಗಳಿಗೆ 6,300. ಒಟ್ಟು 95,700. ಇದರಲ್ಲಿ ಕೊನೆಯ 6,300 ಮತ್ತು ಒಂದು ರೈಲು ಪ್ರಯಾಣ ಮಾತ್ರ ಬೇಕಾಗಿತ್ತು. ಕಾಯಂ ಆದ ಮೇಲೆ ಸಂಬಳ 24,000. ಇನ್ನೂ ಹಳೆಯದಕ್ಕಿಂತ ಕಡಿಮೆಯೇ, ಆದರೆ ರಾತ್ರಿ ಪಾಳಿ ಇಲ್ಲ. ಹೊಸ ಕೆಲಸದ ಪತ್ರ ಕೈಗೆ ಬರುವವರೆಗೆ ಹಳೆಯದಕ್ಕೆ ರಾಜೀನಾಮೆ ಕೊಡದೆ ಇದ್ದದ್ದು ನಾನು ಮಾಡಿದ ಒಂದು ಜಾಣತನ. ಕ್ಲಿನಿಕ್‌ಗಳಲ್ಲಿ ಏಪ್ರಿಲ್ ಮೇ ಮದುವೆಗಳ ಕಾಲದಲ್ಲಿ ಕೂರಲು ಸಮಯವಿರುವುದಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಖಾಲಿ. ಹೊಸಬರಿಗೆ ಕಲಿಸಲು ಡಾಕ್ಟರರಿಗೆ ಪುರುಸೊತ್ತು ಸಿಗುವುದು ಆಗ, ಆದ್ದರಿಂದ ಸೇರುವವರು ಮಳೆಗಾಲದಲ್ಲಿ ಸೇರಿಕೊಳ್ಳುವುದು ಒಳ್ಳೆಯದು.

ದುಬೈ ದಾರಿಯನ್ನು ನಾನು ಮುಚ್ಚಿಲ್ಲ. ಅದಕ್ಕೆ ಪದವಿ, ನೋಂದಣಿ, ಅನುಭವ ಪತ್ರಗಳನ್ನು ಡೇಟಾಫ್ಲೋ ಎಂಬ ದಾಖಲೆ ಪರಿಶೀಲನಾ ಸಂಸ್ಥೆಯ ಮೂಲಕ ಮೂಲ ಸಂಸ್ಥೆಗಳಿಂದಲೇ ಪರಿಶೀಲಿಸಬೇಕು, ಶುಶ್ರೂಷಾ ಪರಿಷತ್ತಿನಿಂದ ಸನ್ನಡತೆಯ ಪ್ರಮಾಣಪತ್ರ ಬೇಕು, ಲೈಸೆನ್ಸಿಗಾಗಿ ಪ್ರೋಮೆಟ್ರಿಕ್ ಎಂಬ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು. ಆ ಪಟ್ಟಿಯನ್ನು ತಂಗಿಯೊಂದಿಗೆ ಫೋನಿನಲ್ಲಿ ಓದುತ್ತಿದ್ದಾಗ ಚಿನ್ನದ ಅಂಚಿನ ಕಾಗದವನ್ನು ಎಲ್ಲಿ ಸೇರಿಸಬೇಕು ಎಂದು ಕೇಳಿದೆ. ಎಲ್ಲಿಯೂ ಬೇಡ ಎಂದಳು. ಅವಳು ಕೇಳಿದ್ದು ಇನ್ನೊಂದನ್ನು: ಯಾವ ಯಂತ್ರದಲ್ಲಿ, ಯಾವ ಚರ್ಮದ ಮೇಲೆ, ಎಷ್ಟು ಬಾರಿ, ಯಾರ ಮೇಲ್ವಿಚಾರಣೆಯಲ್ಲಿ ಮಾಡಿದ್ದೀ ಎಂದು ಬರೆದಿಟ್ಟಿದ್ದೀಯಾ? ಅದು ಇದೆ. ಸೇರಿದ ಮೊದಲ ವಾರವೇ ಹಂಪನಕಟ್ಟೆಯ ಅಂಗಡಿಯಲ್ಲಿ ಕೊಂಡ 200 ಪುಟದ ಗೆರೆಪುಸ್ತಕದಲ್ಲಿ, ರೋಗಿಯ ಹೆಸರಿಲ್ಲದೆ, ದಿನಾಂಕ, ಚಿಕಿತ್ಸೆ, ಚರ್ಮದ ವಿಧ, ಯಂತ್ರದ ಅಂಕಿಗಳು, ನನ್ನ ಪಾಲು ಏನು ಎಂದು ಬರೆದು, ಪ್ರತಿ ಸಂಜೆ ಮೇಡಂ ಸಹಿ ಪಡೆಯುತ್ತೇನೆ. ನಿನ್ನೆ ಸೇರಿದ ಸಾಲು ಹೀಗಿದೆ: ಹೆಂಗಸು, 52 ವರ್ಷ, ಬಂಗು, ಚರ್ಮ 5, ಸ್ಟಿರಾಯ್ಡ್ ಕ್ರೀಮ್ ನಿಲ್ಲಿಸಿ ಒಂಬತ್ತು ತಿಂಗಳು, ಕಿವಿಯ ಹಿಂದೆ ಪರೀಕ್ಷಾ ಲೇಸರ್, ನಾಲ್ಕು ಹೊಡೆತ, ಎರಡು ವಾರ ಬಿಟ್ಟು ಕಿಟಕಿಯ ಬೆಳಕಿನಲ್ಲಿ ನೋಡುವುದು.